ಎಲ್ಲಿ ಮುಟ್ಟಿದೆ ಹೇಳು

ಯಾವತಹಾಮಾ
8 ನವೆಂಬರ್ 2013, ಶುಕ್ರವಾರ

ಸಯೊರಿ ಅಕ್ಕನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಯೇ ಇರುತ್ತೀಯ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು, ಉತ್ತರ ತಡವಾಯಿತು. ಅದಕ್ಕೆ ನನಗೆ ಬೇಸರವೇನೂ ಇಲ್ಲ. ಅಷ್ಟು ದಿನ ಕೈಗೆ ಬೇರೆ ಕೆಲಸವಿತ್ತು, ಅದೇನೆಂದು ಹೇಳಲಿಕ್ಕೇ ಈಗ ಕೂತಿದ್ದೇನೆ. ಕ್ಷಮಾಪಣೆ ಪತ್ರ ಬರೆದುಕೊಡು, ಇಲ್ಲದಿದ್ದರೆ ನಾಳೆಯಿಂದ ಶಾಲೆಗೆ ಬರಬೇಡ ಎಂದು ಮೇಷ್ಟ್ರು ಹೇಳಿದಾಗ ನಾನು ಎರಡನೆಯದನ್ನೇ ಆರಿಸಿಕೊಂಡವಳು. ಇದೂ ಕ್ಷಮಾಪಣೆ ಪತ್ರವಲ್ಲ.

ನೀನು ಕಳಿಸಿದ, ಅಮ್ಮನ ಹೆಸರಿನ ಬಟ್ಟೆಪಟ್ಟಿಗಳು ಲಕೋಟೆಯಲ್ಲೇ ಇವೆ. 'ಕಿಕುಚಿ ಮಿತ್ಸುಯೊ', 'ಕಿಕುಚಿ ಮಿತ್ಸುಯೊ', ನಲವತ್ತು ಸಲ, ನೀಲಿ ದಾರದಲ್ಲಿ. ಅಮ್ಮನ ಒಳಂಗಿಯಿಂದ ಹಿಡಿದು ಕಾಲುಚೀಲದವರೆಗೆ ಎಲ್ಲಕ್ಕೂ ಹೊಲಿಯಬೇಕು, ಇಲ್ಲವಾದರೆ ಅಲ್ಲಿ ಒಗೆಯುವಾಗ ಬೇರೆಯವರ ಬಟ್ಟೆಯೊಂದಿಗೆ ಬೆರೆಯುತ್ತದೆ, ಡಿಸೆಂಬರ್ ಒಂದಕ್ಕೆ ಕೋಣೆ ಸಿಗುತ್ತದೆ, ಅಷ್ಟರೊಳಗೆ ಮುಗಿಸಿಡು ಎಂದು ಬರೆದಿದ್ದೀಯ. ಒಂದನ್ನೂ ಹೊಲಿದಿಲ್ಲ. ಹೊಲಿಯುವುದೂ ಇಲ್ಲ. ಗುಡ್ಡದ ಮೇಲಿನ ಆ ಆರೈಕೆ ಮನೆಯ ಅರ್ಜಿಗೆ ರುಜು ಹಾಕಿದವಳು ನೀನು, ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದವಳೂ ನೀನೇ. ಹತ್ತೊಂಬತ್ತು ವರ್ಷದವಳ ರುಜುವನ್ನು ಅವರು ಕೇಳಲೂ ಇಲ್ಲ. ಈ ಕಾಗದ ಅಷ್ಟಕ್ಕೇ. ಇದನ್ನು ಇಲ್ಲಿಗೇ ಮಡಿಸಿಡಬೇಡ, ಪೂರ್ತಿ ಓದು. ಫೋನಿನಲ್ಲಾದರೆ ನಾನು ಕೂಗುತ್ತೇನೆ, ನೀನು ಇಡುತ್ತೀಯ. ಕಾಗದದಲ್ಲಿ ಕೂಗಿದರೂ ನಿನಗೆ ಕೇಳಿಸುವುದಿಲ್ಲ, ಅಷ್ಟು ಅನುಕೂಲ.

ಸೆಪ್ಟೆಂಬರಿನ ಆ ಮಧ್ಯಾಹ್ನದಿಂದಲೇ ಶುರು ಮಾಡುತ್ತೇನೆ. ಅಮ್ಮನಿಗೆ ಎಷ್ಟು ಆರೈಕೆ ಬೇಕೆಂದು ನೋಡಿ ಬರೆದುಕೊಂಡು ಹೋಗಲು ನಗರ ಕಚೇರಿಯಿಂದ ಒಚಿ ಅವರು ಬಂದಿದ್ದರು. ನೀನು ಓಕಾಯಾಮಾದಿಂದ ಬೆಳಗಿನ ರೈಲಿಗೆ ಬಂದೆ. ಪ್ರಶ್ನೆಗಳನ್ನು ಅಮ್ಮನಿಗೆ ಬೆರಳ ಮೇಲೆ ಬಡಿದು ನಾನು ಹೇಳುತ್ತೇನೆ ಎಂದೆ ನಾನು.

"ನೀನು ಸುಮ್ನಿರು. ನೀನು ಬಡಿದ್ರೆ ಆ ಯಮ್ಮನ ಮೂಗಿನ ಮೇಲಿರೋ ಮಚ್ಚೆ ಸಮೇತ ಹೇಳಿಬಿಡ್ತೀಯ" ಅಂದೆ ನೀನು.

ಹೇಳುತ್ತಿದ್ದೆ. ಮಚ್ಚೆ ಇತ್ತಲ್ಲ.

ನೀನು ಒಚಿ ಅವರಿಗೆ ಎಲ್ಲ ವಿವರಿಸಿದೆ, ಅಂಗಡಿಯಲ್ಲಿ ಗಿರಾಕಿಗೆ ಕನ್ನಡಕದ ಗಾಜಿನ ಗುಣ ಹೇಳುತ್ತೀಯಲ್ಲ, ಆ ದನಿಯಲ್ಲಿ. ಅಮ್ಮನಿಗೆ ಹದಿನೇಳಕ್ಕೆ ಕಣ್ಣು ಹೋಯಿತು. ಕುರುಡರ ಶಾಲೆಯಲ್ಲಿ ಬ್ರೈಲ್ ಕಲಿತಳು, ಮೈ ಒತ್ತುವ ವಿದ್ಯೆ ಕಲಿತಳು. ಮೂವತ್ತಾರಕ್ಕೆ ಕಿವಿಯೂ ಹೋಯಿತು. ಬಾಯಿ ಸರಿಯಾಗಿದೆ, ಅವಳು ಹೇಳುವುದನ್ನು ನಾವು ಕೇಳುತ್ತೇವೆ. ನಾವು ಹೇಳುವುದನ್ನು ಅವಳ ಬೆರಳು ಕೇಳಬೇಕು. ಎರಡು ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು, ಒಟ್ಟು ಆರು. ಬ್ರೈಲಿಗೂ ಆರೇ ಚುಕ್ಕಿ. ಯಾವ ಯಾವ ಬೆರಳ ಮೇಲೆ ಬಡಿದೆವೋ ಅದೇ ಅಕ್ಷರ. "ಒಂಬತ್ತನೇ ವಯಸ್ಸಿಂದ ನಾನೇ ಇವರ ಕಿವಿ" ಎಂದೂ ಸೇರಿಸಿದೆ. ಒಚಿ ಅವರು ತಲೆ ತಗ್ಗಿಸಿ ಎರಡು ಸಲ ವಂದಿಸಿದರು.

ಆಮೇಲೆ ಪ್ರಶ್ನೆ. ಹೆಸರೇನು ಎಂದು ಕೇಳಿದರು, ನೀನು ಬಡಿದೆ. ಅಮ್ಮ, "ಫೆಬ್ರವರಿ ಹನ್ನೊಂದು" ಅಂದಳು. ಹುಟ್ಟಿದ ದಿನ ಯಾವುದು ಎಂದರೆ ಮನೆಯ ವಿಳಾಸ ಹೇಳಿದಳು. ಈಗ ಎಲ್ಲಿದ್ದೀರಿ ಎಂದರೆ "ಶರತ್ಕಾಲ" ಅಂದಳು. ಯಾವ ಕಾಲ ಎಂದರೆ "ಅನ್ನ, ಮಿಸೊ ಸಾರು, ಒಣಮೀನು." ಒಚಿ ಅವರ ಪೆನ್ನು ನಿಲ್ಲಲೇ ಇಲ್ಲ. "ತುಂಬಾ ದಿನದಿಂದ ಹೀಗೇನಾ?" ಎಂದು ಕೇಳಿದರು. "ಇತ್ತೀಚೆಗೆ ಸ್ವಲ್ಪ…" ಎಂದು ನೀನು ಕಣ್ಣೊರೆಸಿಕೊಂಡೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಚಹಾ ಆರಿಸುತ್ತಿದ್ದೆ. ನನಗೂ ಅಮ್ಮನಿಗೆ ಮರೆವು ಬಂತು ಎಂದೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಮ್ಮ ಹೇಳಿದ ಒಂದೊಂದೂ ನಿಜವೇ ಆಗಿತ್ತು. ಅವಳು ಹುಟ್ಟಿದ ದಿನ ಅದೇ, ವಿಳಾಸ ಅದೇ, ಬೆಳಿಗ್ಗೆ ತಿಂದದ್ದೂ ಅದೇ. ಪ್ರಶ್ನೆಗೂ ಉತ್ತರಕ್ಕೂ ಒಂದು ಮೆಟ್ಟಿಲು ವ್ಯತ್ಯಾಸ, ಅಷ್ಟೆ. ಇಪ್ಪತ್ತು ವರ್ಷ ಆ ಬೆರಳ ಮೇಲೆ ಬಡಿದವಳಿಗೆ ಅದು ಹೊಳೆಯಲಿಲ್ಲವೇ? ಹೊಳೆಯಲಿಲ್ಲವಾದರೆ ನೀನು ದಡ್ಡಿ. ಹೊಳೆದಿದ್ದರೆ ನೀನು ಏನು ಎಂದು ನೀನೇ ಬರೆದುಕೋ.

ನನಗೂ ಹೊಳೆಯಲಿಲ್ಲ. ಅದನ್ನೂ ಬರೆದಿಡುತ್ತೇನೆ. ಹೊಳೆದದ್ದು ಹಮಾದಾ ಅಜ್ಜನಿಗೆ.

ಅಜ್ಜ ಮೂವತ್ತು ವರ್ಷದಿಂದ ಪ್ರತಿ ಗುರುವಾರ ಅಮ್ಮನ ಹತ್ತಿರ ಬೆನ್ನು ಒತ್ತಿಸಿಕೊಳ್ಳುತ್ತಾರೆ. ಅಕ್ಟೋಬರ್ ಕೊನೆಯಲ್ಲಿ ನಾನಿರುವ ಅಂಗಡಿಗೆ ಬಂದರು. ನಾನು ಈಗ ಜಾಕೊತೆನ್ ಕರಿಯುತ್ತೇನೆ, ಮೀನು ಅರೆದು ತಟ್ಟಿ ಎಣ್ಣೆಗೆ ಬಿಡುವುದು. ಹೂಂ, ಕಿತ್ತಳೆ ವಿಂಗಡಿಸುವ ಕೆಲಸ ಬಿಟ್ಟೆ. ನಿನ್ನ ಲೆಕ್ಕಕ್ಕೆ ಇನ್ನೊಂದು ಸೇರಿಸಿಕೋ.

"ಏ ಚಿನಾತ್ಸು, ನಿಮ್ಮಮ್ಮನಿಗೆ ನನ್ನ ಮೇಲೆ ಸಿಟ್ಟೇನೇ?" ಅಂದರು.

"ಯಾಕಜ್ಜ? ಮತ್ತೆ ಕಾಲು ತೊಳೀದೆ ಮಲಗಿದ್ರಾ?"

"ಥೂ, ಅದಲ್ಲ. ನನ್ನ ಬೆನ್ನಿನ ಗಂಟು ಎಲ್ಲಿದೆ ಅಂತ ನನ್ನ ಹೆಂಡ್ತಿಗೆ ಗೊತ್ತಿಲ್ಲ, ನನಗೂ ಸರಿಯಾಗಿ ಗೊತ್ತಿಲ್ಲ, ನಿಮ್ಮಮ್ಮನಿಗೆ ಗೊತ್ತಿತ್ತು. ಈಗ ಬೇಸಿಗೆಯಿಂದ ಒಂದು ಬೆರಳಗಲ ಪಕ್ಕಕ್ಕೆ ಒತ್ತುತ್ತಾಳೆ."

"ಮತ್ತೆ ಏನು ಮಾಡ್ತೀರಾ?"

"ಏನ್ ಮಾಡ್ತೀನಿ, ಮೆಲ್ಲಗೆ ಸರಕೊಂಡು ಗಂಟನ್ನೇ ತಂದು ಅವಳ ಬೆರಳ ಕೆಳಗಿಡ್ತೀನಿ. ಗೊತ್ತಾದ್ರೆ ಬೇಜಾರು ಮಾಡ್ಕೋತಾಳೆ. ನೀನು ಹೇಳಬೇಡ, ನಿನ್ನ ಬಾಯಿ ನನಗೆ ಗೊತ್ತು."

ಬಿಸಿ ಎಣ್ಣೆ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ ಮನೆಗೆ ಓಡಿದೆ.

ಅಮ್ಮ ಕೊತಾತ್ಸು ಮೇಜಿನ ರಜಾಯಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ಅವಳ ಎರಡೂ ಕೈಯನ್ನು ಮೇಜಿನ ಮೇಲೆ ಎಳೆದು ಹರಡಿ, ಊಟದ ಕಡ್ಡಿಯ ಮೊಂಡು ತುದಿಯಿಂದ ಎಡಗೈಯ ಉಂಗುರಬೆರಳನ್ನು ಮುಟ್ಟಿದೆ.

"ಏನೇ ಇದು, ಕಡ್ಡಿ ಆಟ?" ಅಂದಳು.

ಮತ್ತೆ ಮುಟ್ಟಿದೆ. ಅವಳಿಗೆ ಅರ್ಥವಾಯಿತು. ಮೈ ಒತ್ತುವವಳಲ್ಲವೇ, ಕುರುಡರ ಶಾಲೆಯಲ್ಲಿ ಅವಳೂ ಇದೇ ಪರೀಕ್ಷೆ ಕೊಟ್ಟಿರಬೇಕು.

"ನಡುಬೆರಳು" ಅಂದಳು.

ಬಲಗೈಯ ನಡುಬೆರಳು ಮುಟ್ಟಿದೆ. "ತೋರು… ಅಲ್ಲ, ನಡು. ತೋರು." ತೋರುಬೆರಳು ಮುಟ್ಟಿದರೆ ಮತ್ತೆ ನಡುಬೆರಳು ಅಂದಳು. ಕಿರುಬೆರಳು ಮಾತ್ರ ಎರಡೂ ಕೈಯಲ್ಲಿ ಸರಿಯಾಗಿ ಹೇಳಿದಳು. ಆಮೇಲೆ ನಾನೊಂದು ಕೆಲಸ ಮಾಡಿದೆ. ಮುಟ್ಟಲಿಲ್ಲ. ಕಡ್ಡಿಯನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ಕೂತೆ.

"ಉಂಗುರಬೆರಳು" ಅಂದಳು ಅಮ್ಮ.

ಇನ್ನೂ ಎರಡು ಸಲ ಹಾಗೇ ಮಾಡಿದೆ. ಎರಡು ಸಲವೂ ಒಂದೊಂದು ಬೆರಳಿನ ಹೆಸರು ಹೇಳಿದಳು, ಶಾಲೆಯ ಮಗು ಊಹಿಸಿ ಕೈಯೆತ್ತಿದ ಹಾಗೆ. ಒಂದು ಸಲ ಸಾಕಿತ್ತು. ನಾನು ಮೂರು ಸಲ ಯಾಕೆ ಮಾಡಿದೆನೋ ಗೊತ್ತಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಇರಬೇಕು. ಕೊನೆಗೆ ಅವಳೇ ಕೈಗಳನ್ನು ರಜಾಯಿಯೊಳಗೆ ಎಳೆದುಕೊಂಡಳು.

"ಸಾಕು. ಗೊತ್ತಾಯ್ತಲ್ಲ."

ಅವಳ ಬೆನ್ನ ಹಿಂದೆ ಹೋಗಿ, ಅಂಗಿಯ ಮೇಲೆ, ಒಂದೊಂದೇ ದೊಡ್ಡ ಅಕ್ಷರವಾಗಿ ಬರೆದೆ, ಮಕ್ಕಳು ಆಡುತ್ತಾರಲ್ಲ ಹಾಗೆ: ಯಾಕೆ ಹೇಳಲಿಲ್ಲ?

"ಮುಟ್ಟಿದ್ದು ಎಲ್ಲಿ ಅಂತ ತಿಳೀದೆ ಇರೋಳ ಕೈಗೆ ಯಾರೇ ಬೆನ್ನು ಕೊಡ್ತಾರೆ?" ಅಂದಳು. "ಮೊದಮೊದಲು ಒಂದೊಂದು ಅಕ್ಷರ ತಪ್ತಿತ್ತು. ಉಳಿದಿದ್ದು ಸೇರಿಸ್ಕೋತಿದ್ದೆ. ಆಮೇಲೆ ಅರ್ಧಕ್ಕರ್ಧ. ಆ ಕಚೇರಿಯೋರು ಹೋದ ಸಲನೂ ಅದೇ ಕೇಳಿದ್ರು, ಅದೇ ಸಾಲಾಗಿ. ನನಗೆ ಸಾಲು ಬಾಯಿಪಾಠ. ಮೊದಲನೇದು ಯಾವಾಗ ಕೇಳಿದ್ರೋ ತಿಳೀಲಿಲ್ಲ, ಅಲ್ಲಿಂದ ಜಾರಿಬಿಡ್ತು. ಸಯೊರಿ ಎಷ್ಟು ಚೆನ್ನಾಗಿ ಬಡೀತಿದ್ಲು ಪಾಪ. ಇನ್ನೊಂದು ಸಲ ಬಡಿ ಅನ್ನೋಕೆ ನಾಚಿಕೆ ಆಯ್ತು."

ನಿನ್ನ 'ಅಮ್ಮನಿಗೆ ಬುದ್ಧಿ ಮಂಕಾಗಿದೆ' ಎಂಬುದರ ಬುಡ ಇಷ್ಟು. ನಾಚಿಕೆ. ಬುದ್ಧಿ ನಮ್ಮಿಬ್ಬರಿಗಿಂತ ಚುರುಕಾಗಿಯೇ ಇದೆ. ಕೇಳಿಸದ ಪ್ರಶ್ನೆಪತ್ರಿಕೆಗೆ ನೆನಪಿನಿಂದ ಉತ್ತರ ಹೇಳಿದವಳು ಅವಳು.

ಕೈಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂವತ್ತೈದು ವರ್ಷ ಊರವರ ಬೆನ್ನು ಒತ್ತಿ ಒತ್ತಿ ಎರಡೂ ಮಣಿಕಟ್ಟಿನೊಳಗೆ ನರ ಅಮುಕಿ ಹೋಗಿದೆಯಂತೆ. ಆ ನರ ಹೋಗುವುದು ಹೆಬ್ಬೆರಳಿಗೆ, ಮತ್ತೆ ಸರಿಯಾಗಿ ನಮಗೆ ಬೇಕಾದ ಆ ಮೂರು ಬೆರಳಿಗೆ. ಆಪರೇಷನ್ ಮಾಡಿದರೆ ಇನ್ನಷ್ಟು ಕೆಡದಂತೆ ತಡೆಯಬಹುದು, ಹೋದದ್ದೆಲ್ಲ ಬರುವುದಿಲ್ಲ ಎಂದರು.

"ಆದ್ರೆ ಮುಟ್ಟಿದ್ದು ಗೊತ್ತಾಗುತ್ತಲ್ಲ ಅವಳಿಗೆ" ಅಂದೆ.

"ಮುಟ್ಟಿದ್ರು ಅನ್ನೋದು ಬೇರೆ, ಎಲ್ಲಿ ಮುಟ್ಟಿದ್ರು ಅನ್ನೋದು ಬೇರೆ, ಕಣಮ್ಮ" ಅಂದರು ಡಾಕ್ಟರು. "ಮೊದಲನೇದು ಸ್ವಲ್ಪ ಉಳಿದಿದೆ."

ಅದೇ ದಿನ ಆಸ್ಪತ್ರೆಯ ಮೆಟ್ಟಿಲ ಮೇಲಿಂದ ನಿನಗೆ ಫೋನ್ ಮಾಡಿದೆ. ನೀನು ಏನಂದೆ ಎಂಬುದನ್ನು ಹಾಗೆಯೇ ಬರೆಯುತ್ತೇನೆ, ಒಂದು ಮಾತೂ ಮೃದು ಮಾಡದೆ. ನಿನಗೆ ಆ ಅಭ್ಯಾಸ, ನನಗಿಲ್ಲ.

"ನರ ಸತ್ತಿದೆ ಅಂದ್ರೆ ಇನ್ನೂ ಕಷ್ಟ ಅಲ್ವೇನೇ? ಇನ್ನು ಅವಳ ಹತ್ರ ಮಾತಾಡೋದು ಹೇಗೆ? ಯಾರು ಕೂರ್ತಾರೆ ದಿನಾ? ನೀನಾ? ಮೂರು ತಿಂಗಳಿಗೊಂದು ಕೆಲಸ ಬಿಡೋಳು? ನನಗೆ ಮೂವತ್ತೊಂದು, ಚಿನಾತ್ಸು. ನನ್ನ ಬೆರಳು ನನ್ನದಾಗಿ ಎರಡು ವರ್ಷ ಆಯ್ತು ಅಷ್ಟೆ. ನೀನು ಹುಟ್ಟೋಕೆ ಮುಂಚೆಯಿಂದ ಬಡಿದಿದ್ದೀನಿ. ನಿನಗೇನು ಗೊತ್ತು."

ನಿಜ, ನೀನು ಬಡಿದಿದ್ದೀಯ. ಆದರೆ ಏನನ್ನು ಬಡಿದೆ? ನಾನು ಎಂಟು ವರ್ಷದವಳಿದ್ದಾಗ, ಓಬೊನ್ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ, ಅಪ್ಪನ ಅಕ್ಕ ಎಲ್ಲರ ಮುಂದೆ, "ಇವಳನ್ನ ಅಡುಗೆಮನೆಗೆ ಯಾಕೆ ಬಿಟ್ರಿ, ಮೂಲೇಲಿ ಕೂರಿಸ್ರೋ, ಕಾಲಿಗೆ ಅಡ್ಡ ಬರ್ತಾಳೆ" ಅಂದರು. ನೀನು ಅಮ್ಮನ ಬೆರಳ ಮೇಲೆ, 'ನಿನಗೆ ಆಯಾಸ ಆಗಿರಬೇಕು, ಕೂತ್ಕೋ ಅಂತ ಅತ್ತೆ ಹೇಳ್ತಿದ್ದಾರೆ' ಎಂದು ಬಡಿದೆ. ಅಮ್ಮ ಅತ್ತೆಯ ಕಡೆಗೆ ತಿರುಗಿ ತಲೆ ಬಾಗಿಸಿ ಥ್ಯಾಂಕ್ಸ್ ಹೇಳಿದಳು. ಎಲ್ಲರೂ ನೋಡುತ್ತಿದ್ದರು, ಒಬ್ಬಿಬ್ಬರು ನಕ್ಕರು. ನಾನು ಓಡಿಹೋಗಿ ಅಮ್ಮನ ಕೈ ಕಿತ್ತುಕೊಂಡು ಅತ್ತೆ ಅಂದದ್ದನ್ನೇ ಬಡಿದೆ. ಅಮ್ಮ ಆ ದಿನ ಊಟ ಮಾಡಲಿಲ್ಲ. ನೀನು ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಚಿವುಟಿದೆ. ಆ ಜಾಗ ಈಗಲೂ ತೋರಿಸಬಲ್ಲೆ: ಎಡತೋಳಿನ ಒಳಗಡೆ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ. ಗುರುತೇನೂ ಇಲ್ಲ. ಆದರೂ ಎಲ್ಲಿ ಎಂದು ಕೇಳಿದರೆ ಕಣ್ಣುಮುಚ್ಚಿ ಬೆರಳಿಡುತ್ತೇನೆ.

ಅಂದಿನಿಂದ ಅಮ್ಮ ಒಂದು ಮಾತು ಹೇಳುತ್ತಾ ಬಂದಿದ್ದಾಳೆ: "ಸಯೊರಿ ಬೆರಳು ಹಗುರ, ಚಿನಾತ್ಸು ಬೆರಳು ಭಾರ." ಅದನ್ನು ನಿನಗೆ ಹೊಗಳಿಕೆ, ನನಗೆ ಬೈಗುಳ ಎಂದುಕೊಂಡೇ ಬೆಳೆದೆ. ನಿನ್ನ ದನಿಯನ್ನಾದರೂ ಅವಳು ಒಂಬತ್ತು ವರ್ಷ ಕೇಳಿದ್ದಾಳೆ. ನನ್ನ ದನಿ ಅವಳಿಗೆ ಗೊತ್ತೇ ಇಲ್ಲ. ಅವಳಿಗೆ ನಾನೆಂದರೆ ಆ ಭಾರವಾದ ಬೆರಳು ಅಷ್ಟೆ.

ಮಾತ್ಸುಯಾಮಾ ಆಸ್ಪತ್ರೆಯಲ್ಲಿ, ಅಪ್ಪನ ಕೊನೆಯ ದಿನ, ನೀನು ಬಡಿದದ್ದೂ ನನಗೆ ಗೊತ್ತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅಪ್ಪ ಅಂದದ್ದು ನನಗೂ ಕೇಳಿಸಿತ್ತು. ಅದರ ಬಗ್ಗೆ ಈಗ ಬೇಡ.

ಶನಿವಾರ

ನಿನ್ನೆ ಸಿಟ್ಟಿಗೆ ಪೆನ್ನು ಒತ್ತಿ ಕಾಗದ ಹರಿಯಿತು, ನಿಲ್ಲಿಸಿದೆ. ಇವತ್ತು ಮೊದಲು ಕೆಲಸದ ಮಾತು.

ಬೆರಳು ಹೋಯಿತು, ಮೈ ಇಷ್ಟಗಲ ಇದೆಯಲ್ಲ ಎಂದುಕೊಂಡೆ. ಆರು ಜಾಗ ಬೇಕು, ಅಷ್ಟೆ. ಒಂದನ್ನು ಮುಟ್ಟಿದರೆ ಇನ್ನೊಂದು ಅನ್ನಿಸದಂಥ ಆರು ಜಾಗ. ಅಮ್ಮನನ್ನು ಕೂರಿಸಿ ಕಡ್ಡಿ ಹಿಡಿದು ಶುರು ಮಾಡಿದೆ. ಬೆನ್ನು ಶುದ್ಧ ದಡ್ಡ. ಎರಡು ಬೆರಳಗಲ ಬಿಟ್ಟು ಎರಡು ಕಡೆ ಒಟ್ಟಿಗೆ ಮುಟ್ಟಿದರೂ ಒಂದೇ ಅನ್ನುತ್ತದೆ. ತುಟಿ ಬಹಳ ಜಾಣ, ಅಕ್ಕಿಕಾಳಿನಷ್ಟು ದೂರವಿದ್ದರೂ ಎರಡು ಎಂದು ಗುರುತಿಸುತ್ತದೆ, ಆದರೆ ಮಾತಾಡುತ್ತಿರುವ ಬಾಯಿಯ ಮೇಲೆ ಹೇಗೆ ಬಡಿಯಲಿ? "ಮುಖಕ್ಕೆ ಬಂದ್ರೆ ಕಚ್ತೀನಿ ನೋಡು" ಅಂದಳು. ಮುಂಗೈಯ ನಡುವೆ ಮುಟ್ಟಿದರೆ ಒಮ್ಮೆ ಮಣಿಕಟ್ಟಿನ ಕಡೆ ತೋರಿಸಿದಳು, ಒಮ್ಮೆ ಮೊಣಕೈ ಕಡೆ. ತೊಡೆಯೂ ಹಾಗೆಯೇ. ನಾಲ್ಕು ದಿನ ಹೀಗೆ. ನಾನು ಅವಳ ಮೈಯ ನಕ್ಷೆಯೊಂದನ್ನು ಕ್ಯಾಲೆಂಡರಿನ ಹಿಂದೆ ಬರೆದೆ, ತಪ್ಪಿದ್ದಕ್ಕೆಲ್ಲ ಕೆಂಪು. ಕೆಂಪೇ ಜಾಸ್ತಿಯಾಯಿತು.

ಐದನೇ ದಿನ ಅಮ್ಮನಿಗೇ ರೇಗಿತು.

"ಎಲ್ಲೆಲ್ಲೋ ಚುಚ್ತೀಯಲ್ಲೇ, ಮಂಗ. ಗಂಟಿನ ಹತ್ರ ಮುಟ್ಟು" ಅಂದಳು. "ಭುಜ, ಮೊಣಕೈ, ಮಣಿಕಟ್ಟು. ಗಂಟಿನ ಹತ್ರ ಮುಟ್ಟಿದ್ರೆ ಎಂಥ ಮುದುಕನೂ ತಪ್ಪಲ್ಲ. ಗಂಟು ಬಿಟ್ಟು ಮುಟ್ಟಿದ್ರೆ ಯಾವುದಾದ್ರೂ ಗಂಟಿನ ಕಡೆಗೇ ಜಾರ್ತಾರೆ. ಗಿರಾಕಿಗಳು ಇಲ್ಲಿ ನೋವು ಅಂತ ತೋರಿಸೋದೆಲ್ಲ ಹಾಗೇನೇ. ಮೂವತ್ತೈದು ವರ್ಷದಿಂದ ನೋಡ್ತಿದ್ದೀನಿ. ನನ್ನ ಕೇಳಿದ್ಯಾ ನೀನು?"

ಕೇಳಿರಲಿಲ್ಲ. ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು. ಆರು. ಇಪ್ಪತ್ತು ಸಲ ಮುಟ್ಟಿದೆ, ಇಪ್ಪತ್ತಕ್ಕೆ ಇಪ್ಪತ್ತು ಸರಿ. ಕಡ್ಡಿ ಬಿಸಾಡಿದೆ. ಬೆರಳ ಮೇಲಾದರೆ ಒಂದು ಅಕ್ಷರದ ಚುಕ್ಕಿಗಳನ್ನೆಲ್ಲ ಒಂದೇ ಏಟಿಗೆ ಬಡಿಯಬಹುದು. ಇಲ್ಲಿ ನನಗಿರುವುದು ಎರಡೇ ಕೈ. ಹಾಗಾಗಿ ಒಂದರ ಹಿಂದೊಂದು ಮುಟ್ಟುತ್ತೇನೆ, ಅಕ್ಷರ ಮುಗಿದಾಗ ಕುತ್ತಿಗೆಯ ಹಿಂದೆ ಒಂದು ತಟ್ಟು. ಆರೂ ಜಾಗ ಸಿಗಬೇಕಾದರೆ ಅವಳ ಹಿಂದೆ ಮಂಡಿಯೂರಿ, ಎರಡೂ ಕೈ ಚಾಚಿ ಅವಳನ್ನು ಬಳಸಿಕೊಂಡೇ ಕೂರಬೇಕು. ನಮ್ಮದು ತಬ್ಬಿಕೊಳ್ಳುವ ಮನೆಯಲ್ಲ, ನಿನಗೇ ಗೊತ್ತು. ಈಗ ಮಳೆ ಬರುತ್ತಿದೆ ಎಂದು ಹೇಳಬೇಕಾದರೂ ತಬ್ಬಿಕೊಳ್ಳಬೇಕು.

ಮೊದಲು ಹೇಳಿದ್ದು 'ನಾನು ಚಿನಾತ್ಸು' ಎಂದು. ಎರಡು ನಿಮಿಷ ಹಿಡಿಯಿತು.

"ಗೊತ್ತು ಮಾರಾಯ್ತಿ, ಮೀನೆಣ್ಣೆ ವಾಸನೆ ಆಗಲೇ ಹೇಳ್ತು" ಅಂದಳು. ನಕ್ಕಳು. ಸೆಪ್ಟೆಂಬರಿನಿಂದ ಈಚೆಗೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಈಗ ಸ್ವಲ್ಪ ವೇಗ ಬಂದಿದೆ. ಒಂದೇ ತೊಂದರೆ. ಸಿಟ್ಟು ಬಂದಾಗ ಅವಳು ಕೈ ಕಟ್ಟಿಕೊಳ್ಳುತ್ತಾಳೆ. ಎಡಗೈ ಬಲಕ್ಕೆ, ಬಲಗೈ ಎಡಕ್ಕೆ ಹೋಯಿತೋ, ಮುಟ್ಟಿದ್ದೆಲ್ಲ ಅದಲುಬದಲು. "ಈಗ ಯಾವ ಕಡೆ ಮುಟ್ಟಿದ್ದು ಅಂತ ನನಗೇ ಗೊತ್ತಾಗಲ್ಲ, ಬಡೀಬೇಡ" ಅನ್ನುತ್ತಾಳೆ. ಹಾಗಾಗಿ ಕೈ ಕಟ್ಟಿದಳು ಎಂದರೆ ಬಾಗಿಲು ಹಾಕಿದಂತೆ. ಬಿಚ್ಚುವವರೆಗೆ ಕಾಯಬೇಕು.

ಗುಡ್ಡದ ಮೇಲಿನ ಮನೆಯ ವಿಷಯವನ್ನೂ ಹೇಳಿದೆ. ನೀನು ಅವಳಿಗೆ ಅದನ್ನು ಹೇಳಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. 'ಒಳ್ಳೇ ಬಿಸಿನೀರಿನ ಬುಗ್ಗೆ ಇರೋ ಜಾಗಕ್ಕೆ ಹೋಗೋಣ' ಎಂದು ಬಡಿದಿದ್ದೆಯಂತೆ! ನಾನು ಇದ್ದದ್ದು ಇದ್ದಂತೆ ಹೇಳಿದೆ. ಕೋಣೆಗೆ ನಾಲ್ಕು ಜನ, ಊಟ ಚೆನ್ನಾಗಿದೆ, ಸ್ನಾನ ವಾರಕ್ಕೆರಡು ಸಲ, ಬಡಿಯಲು ಬರುವವರು ಒಬ್ಬರೂ ಇಲ್ಲ, ಅಂಗೈ ಮೇಲೆ ಬರೆಯುತ್ತಾರಂತೆ. ಅಂಗೈಯೂ ಆ ನರದ್ದೇ. ಆಮೇಲೆ ಕೇಳಿದೆ: ಹೋಗುತ್ತೀಯಾ?

ಬಂದರಿನಲ್ಲಿ ಬೆಪ್ಪು ಪಟ್ಟಣಕ್ಕೆ ಹೋಗುವ ಹಡಗು ಕೂಗು ಹಾಕಿತು. ಅವಳಿಗೆ ಅದು ನೆಲದಿಂದ ತಿಳಿಯುತ್ತದೆ, ಅಪ್ಪ ಅದರಲ್ಲಿ ಕೆಲಸ ಮಾಡುತ್ತಿದ್ದಾಗಿನಿಂದ. "ಸದ್ಯ, ಕೇಳಿದ್ರಲ್ಲ ಒಬ್ರು" ಅಂದಳು. ಆಮೇಲೆ, "ಸಯೊರಿ ಬಂದು ಕೇಳಲಿ. ಅವಳಿಗೆ ಹೇಳ್ತೀನಿ."

ಆದ್ದರಿಂದ ಬಾ. ಇಪ್ಪತ್ತನೇ ತಾರೀಖು ಬುಧವಾರ, ನಿನ್ನ ಅಂಗಡಿಗೆ ರಜ. ನಿನ್ನ ಬಾಯಲ್ಲಲ್ಲ, ನಿನ್ನ ಕೈಯಲ್ಲಿ ಕೇಳು. ಅವಳು ಹೋಗುತ್ತೇನೆ ಅಂದರೆ ನಲವತ್ತು ಪಟ್ಟಿಯನ್ನೂ ನಾನೇ ಕೂತು ಹೊಲಿಯುತ್ತೇನೆ. ಒಲ್ಲೆ ಅಂದರೆ ರುಜು ಹಿಂದಕ್ಕೆ ತೆಗೆದುಕೋ, ಒಚಿ ಅವರನ್ನು ಮತ್ತೊಮ್ಮೆ ಕರೆಸು. ಈ ಸಲ ಮಚ್ಚೆಯ ವಿಷಯ ಹೇಳುವುದಿಲ್ಲ. ಹೇ, ಸುಳ್ಳು. ಅಮ್ಮನಿಗೆ ಆಗಲೇ ಹೇಳಿಯಾಗಿದೆ.

ನೀನು ಬರದಿದ್ದರೆ ಡಿಸೆಂಬರ್ ಒಂದರ ಬೆಳಿಗ್ಗೆ ನಾನು ಬಾಗಿಲಿಗೆ ಅಡ್ಡ ಮಲಗುತ್ತೇನೆ. ನನ್ನನ್ನು ದಾಟಿ ಅವಳನ್ನು ಕರೆದುಕೊಂಡು ಹೋಗಲಿ ನೋಡೋಣ.

ದೊಡ್ಡವಳಿಗೆ ಚಿಕ್ಕವಳು ಹರಸುವ ಹಾಗಿಲ್ಲ, ಹರಸುವ ಮನಸ್ಸೂ ನನಗಿಲ್ಲ. ಅಮ್ಮ ಬರೆ ಅಂದದ್ದನ್ನು ಬರೆಯುತ್ತೇನೆ: "ಸಯೊರಿಗೆ ಚಳಿ ತಡೆಯಲ್ಲ. ಗವಸು ಹಾಕ್ಕೋ ಅನ್ನು. ಅವಳ ಕೈ ಯಾವಾಗಲೂ ಬೆಚ್ಚಗಿರಲಿ." ಅವಳು ಕೊಡಬಹುದಾದ ಅತಿ ದೊಡ್ಡ ಆಶೀರ್ವಾದ ಇದು ಎಂದು ನಿನಗೂ ಗೊತ್ತು.

ನಿನ್ನ ತಂಗಿ,
ಚಿನಾತ್ಸು

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಇವತ್ತು ಭಾನುವಾರ. ನಿನ್ನೆಯೇ ಲಕೋಟೆ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಸುಳ್ಳಾಗುತ್ತದೆ.

ಬೆಳಿಗ್ಗೆ ಅಪ್ಪನ ಪಟದ ಮುಂದೆ ಅನ್ನ ಇಟ್ಟು, ಅಮ್ಮ ನನ್ನನ್ನು ಹಿಂದೆ ಕೂರಿಸಿಕೊಂಡಳು.

"ಆಸ್ಪತ್ರೇಲಿ ನಿಮ್ಮಪ್ಪ ಕೊನೇಲಿ ಏನಂದ್ರು?" ಎಂದು ಕೇಳಿದಳು. "ನೀನೂ ಇದ್ದೆ ಅಲ್ಲಿ. ಬಾಗಿಲಿಂದ ಗಾಳಿ ಬರ್ತಿರಲಿಲ್ಲ, ಯಾರೋ ಅಡ್ಡ ನಿಂತಿದ್ರು. 'ನಿನ್ನಿಂದ ನನ್ನ ಬಾಳು ಚೆನ್ನಾಗಿತ್ತು' ಅಂತ ಸಯೊರಿ ಬಡಿದ್ಲು. ಅವತ್ತು ಅವಳ ಬೆರಳು ಇಲ್ಲವೇ ಇಲ್ಲವೇನೋ ಅನ್ನೋ ಅಷ್ಟು ಹಗುರ ಇತ್ತು. ಇಲ್ಲದ್ದು ಹೇಳೋವಾಗ ಅವಳ ಬೆರಳು ಹಗುರ ಆಗುತ್ತೆ, ಮೊದಲಿಂದಲೂ. ನೀನು ಹೇಳು. ನೀನು ಇದ್ದದ್ದೇ ಹೇಳ್ತೀಯ."

ಹಗುರ ಎಂದರೆ ಏನೆಂದು ನನಗೆ ಆಗ ತಿಳಿಯಿತು. ಇಪ್ಪತ್ತೆರಡು ವರ್ಷ ಅವಳಿಗೆ ಗೊತ್ತಿತ್ತು, ಅಕ್ಕ. ಅತ್ತೆಗೆ ತಲೆ ಬಾಗಿಸಿದಾಗಲೂ ಗೊತ್ತಿತ್ತು.

ಅಪ್ಪ ಅಂದದ್ದು ನಿನಗೂ ನೆನಪಿದೆ. "ಅಬ್ಬಾ. ಇನ್ನು ಬಡೀಬೇಕಾಗಿಲ್ಲ." ಅಷ್ಟೆ. ಸುಸ್ತಾದವನು ಬೂಟು ಬಿಚ್ಚಿದ ಹಾಗೆ ಅಂದರು.

ನಾನು ಕೈ ಎತ್ತಿದೆ. ಬಲಭುಜ ಮುಟ್ಟಿದೆ. ಎಡ ಮೊಣಕೈ. ಕುತ್ತಿಗೆಗೆ ತಟ್ಟಿದೆ. ನಿನ್ನ ವಾಕ್ಯವನ್ನೇ ಹೇಳಿದೆ. ನಿನ್ನಿಂದ ನನ್ನ ಬಾಳು ಚೆನ್ನಾಗಿತ್ತು. ಅಕ್ಷರ ಬಿಡದೆ ಪೂರ್ತಿ ಹೇಳಿದೆ. ಭಾರವಾಗಿಯೇ ಒತ್ತಬೇಕೆಂದು ಒತ್ತಿದೆ. ಕೈ ನನ್ನ ಮಾತು ಕೇಳಲಿಲ್ಲ.

ಅಮ್ಮ ಕೊನೆಯ ಅಕ್ಷರದವರೆಗೂ ಕಾದಳು. "ನೀನೂ ಕಲಿತ್ಯಾ" ಅಂದಳು. ಮತ್ತೆ ಕೈ ಕಟ್ಟಿಕೊಂಡಳು. ಮಧ್ಯಾಹ್ನ ದಾಟಿತು, ಇನ್ನೂ ಬಿಚ್ಚಿಲ್ಲ.

ಇಪ್ಪತ್ತಕ್ಕೆ ತಪ್ಪದೆ ಬಾ. ನಿನ್ನನ್ನು ಕ್ಷಮಿಸಿದ್ದೇನೆ ಎಂದುಕೊಂಡು ಬರಬೇಡ. ಇಬ್ಬರಿದ್ದರೆ ಕೆಲಸ ಬೇಗ ಆಗುತ್ತದೆ, ನಾಲ್ಕು ಕೈ. ಅಮ್ಮನ ಎಡತೋಳು ನೀನು ತಗೋ, ಬಲತೋಳು ನಾನು. ಪ್ರತಿ ಅಕ್ಷರದಲ್ಲೂ ಅರ್ಧ ನಿನ್ನ ಕೈಯಲ್ಲಿರುತ್ತದೆ, ಅರ್ಧ ನನ್ನ ಕೈಯಲ್ಲಿ. ಅಪ್ಪ ಅಂದದ್ದನ್ನು ಹಾಗೆ ಹೇಳೋಣ. ನನ್ನೊಬ್ಬಳಿಂದ ಆಗಲಿಲ್ಲ.